ಉಪ್ಪು, ತಾಯಿ ಮತ್ತು ದೇವರು ಕೊಟ್ಟ ದೇಹ

(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ. ಶುಭಸಂದೇಶ: ಲೂಕ 1: 39-56)



'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಇಂದು ಆಗಸ್ಟ್ 15, ತಾಯಿಯ ಹಬ್ಬ. ನಮ್ಮೆಲ್ಲರ ತಾಯಿಯಾದ ಮರಿಯಮ್ಮನವರನ್ನು ದೇವರು ಆತ್ಮ ಶರೀರ ಸಮೇತರಾಗಿ ಸ್ವರ್ಗಕ್ಕೆ ಬರಮಾಡಿಕೊಂಡ ಮಹೋತ್ಸವ. 1947ರ ಇದೇ ದಿನ ನಮ್ಮ ದೇಶ ಸ್ವತಂತ್ರವಾಯಿತು. ಆ ಸ್ವಾತಂತ್ರ್ಯದ ಹೋರಾಟದಲ್ಲಿ ನಮ್ಮ ಅಂಕೋಲೆಯ ಹೆಸರು ಉಳಿದಿರುವುದು ಉಪ್ಪಿನಿಂದ. ಆದ್ದರಿಂದ ಇಂದು ಗಾದೆಯ ಎರಡೂ ಮಾತುಗಳು, ಉಪ್ಪು ಮತ್ತು ತಾಯಿ, ಒಟ್ಟಿಗೇ ನಮ್ಮ ಮುಂದಿವೆ. ಈ ಎರಡರ ಬಗ್ಗೆ, ಮತ್ತು ಇವೆರಡರ ನಡುವೆ ಇರುವ ನಮ್ಮ ದೇಹದ ಬಗ್ಗೆ ಸ್ವಲ್ಪ ಹೊತ್ತು ಧ್ಯಾನಿಸೋಣ.

ಹಬ್ಬದ ದಿನ ದೇಹದ ಮಾತೇಕೆ, ಆತ್ಮದ ಮಾತು ಸಾಲದೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದಿನ ಹಬ್ಬವೇ ದೇಹದ ಹಬ್ಬ. ಮರಿಯಮ್ಮನವರ ಆತ್ಮ ಮಾತ್ರ ಸ್ವರ್ಗ ಸೇರಿತು ಎಂದು ಧರ್ಮಸಭೆ ಕಲಿಸುವುದಿಲ್ಲ. ಅವರು ಆತ್ಮ ಶರೀರ ಎರಡರೊಂದಿಗೂ ಸ್ವರ್ಗದ ಮಹಿಮೆಗೆ ಸ್ವೀಕೃತರಾದರು ಎಂಬುದನ್ನು ಹನ್ನೆರಡನೇ ಪಯಸ್ ಜಗದ್ಗುರುಗಳು 1950ರ ನವೆಂಬರ್ 1ರಂದು ವಿಶ್ವಾಸದ ಸತ್ಯವೆಂದು ಘೋಷಿಸಿದರು. ಆ ಕಾಲವನ್ನು ಸ್ವಲ್ಪ ನೆನೆಯಿರಿ. ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷಗಳಾಗಿದ್ದವು. ಕೋಟಿಗಟ್ಟಲೆ ಜನರ ದೇಹಗಳು ಸುಟ್ಟು, ಹೆಸರಿಲ್ಲದ ಗುಂಡಿಗಳಲ್ಲಿ ಹೂತು, ಲೆಕ್ಕಕ್ಕೆ ಸಿಗದೆ ಹೋಗಿದ್ದವು. ಮನುಷ್ಯನ ದೇಹಕ್ಕೆ ಬೆಲೆಯೇ ಇಲ್ಲ ಎಂದು ಜಗತ್ತು ನಡೆದುಕೊಂಡ ಹೊತ್ತಿನಲ್ಲಿ, ದೇವರ ಕಣ್ಣಿಗೆ ಈ ದೇಹ ಸ್ವರ್ಗಕ್ಕೆ ಯೋಗ್ಯವಾದದ್ದು ಎಂದು ಧರ್ಮಸಭೆ ಸಾರಿತು. ಕಾರವಾರದ ನಮ್ಮ ಪ್ರಧಾನಾಲಯವೂ ಸ್ವರ್ಗಸ್ವೀಕೃತ ಮಾತೆಗೇ ಅರ್ಪಿತವಾಗಿದೆ. 1976ರಲ್ಲಿ ಸ್ಥಾಪನೆಯಾದ ನಮ್ಮ ಧರ್ಮಪ್ರಾಂತ್ಯದ ತಾಯಿದೇವಾಲಯವೇ ನಮಗೆ ಪ್ರತಿದಿನ ಈ ಪಾಠವನ್ನು ಹೇಳುತ್ತಿದೆ.

ಇಂದಿನ ಶುಭಸಂದೇಶವನ್ನು ಗಮನಿಸಿ. ದೇವದೂತನ ಸಂದೇಶ ಕೇಳಿದ ಮರಿಯಮ್ಮನವರು ಮನೆಯಲ್ಲಿ ಕುಳಿತು ಪ್ರಾರ್ಥನೆ ಮಾತ್ರ ಮಾಡಲಿಲ್ಲ. ಎದ್ದು, ಅವಸರದಿಂದ ಬೆಟ್ಟದ ಸೀಮೆಗೆ ಹೊರಟರು. ನಜರೇತಿನಿಂದ ಜುದೇಯದ ಬೆಟ್ಟಗಳಿಗೆ ಹಲವು ದಿನಗಳ ದಾರಿ. ವಯಸ್ಸಾದ ಕಾಲದಲ್ಲಿ ಗರ್ಭಿಣಿಯಾಗಿದ್ದ ಎಲಿಜಬೇತಮ್ಮನವರ ಮನೆಯಲ್ಲಿ ಅವರು ಸುಮಾರು ಮೂರು ತಿಂಗಳು ಇದ್ದರು. ಆ ಮೂರು ತಿಂಗಳು ಅವರೇನು ಮಾಡಿದರು ಎಂದು ಸಂತ ಲೂಕರು ಬರೆದಿಲ್ಲ. ನಮ್ಮ ಮನೆಯ ಹೆಂಗಸರಿಗೆ ಅದನ್ನು ಯಾರೂ ಬರೆದು ತಿಳಿಸಬೇಕಾಗಿಲ್ಲ. ನೀರು ತಂದಿರಬೇಕು, ಹಿಟ್ಟು ನಾದಿರಬೇಕು, ಒಲೆ ಹಚ್ಚಿರಬೇಕು, ವಯಸ್ಸಾದ ಬಸುರಿಯ ಕಾಲು ಒತ್ತಿರಬೇಕು. ಹಾಗೆ ನಡೆದ ಕಾಲುಗಳು, ಹಾಗೆ ದುಡಿದ ಕೈಗಳು ಇಂದು ಸ್ವರ್ಗದಲ್ಲಿವೆ. ಇದೇ ಇಂದಿನ ಹಬ್ಬದ ಅರ್ಥ.

ಇಲ್ಲಿ ಇನ್ನೊಂದು ವಿಷಯವಿದೆ. ನಾವು ಯಾವಾಗಲೂ ಮರಿಯಮ್ಮನವರ ಸೇವೆಯನ್ನು ಹೊಗಳುತ್ತೇವೆ. ಆದರೆ ಎಲಿಜಬೇತಮ್ಮನವರನ್ನೂ ನೋಡಿ. ಸೇವೆ ಮಾಡಲು ಬಂದವಳನ್ನು ಅವರು ಬಾಗಿಲಲ್ಲಿ ತಡೆಯಲಿಲ್ಲ. 'ನನಗೇನಾಗಿದೆ, ನೀನು ಹೋಗು, ನಾನೇ ಎಲ್ಲ ನೋಡಿಕೊಳ್ಳುತ್ತೇನೆ' ಎನ್ನಲಿಲ್ಲ. ಆನಂದದಿಂದ ಬರಮಾಡಿಕೊಂಡರು. ಇನ್ನೊಬ್ಬರ ಆರೈಕೆಯನ್ನು ಸ್ವೀಕರಿಸುವುದೂ ಒಂದು ಸದ್ಗುಣ. ನಮ್ಮ ಮನೆಗಳಲ್ಲಿ ಈ ಸದ್ಗುಣ ಬಹಳ ಕಡಿಮೆಯಾಗಿದೆ. ಅದರಲ್ಲೂ ನಮ್ಮ ತಾಯಂದಿರಲ್ಲಿ.

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆಯ ನಂತರ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದೆವು. ಚರ್ಚ್ ಹಾಲಿನಲ್ಲಿ ಎರಡು ಮೇಜು, ನಾಲ್ಕು ಕುರ್ಚಿ. ಬಿಪಿ ನೋಡಲು ಒಬ್ಬರು, ಸಕ್ಕರೆ ನೋಡಲು ಒಬ್ಬರು. ಗಂಡಸರೂ ಹುಡುಗರೂ ಸಾಲಿನಲ್ಲಿ ನಿಂತರು. ಹಾಲಿನ ಹಿಂಬದಿಯ ಅಡುಗೆಮನೆಯಲ್ಲಿ ಒಬ್ಬ ತಾಯಿ ಎಲ್ಲರಿಗೂ ಚಹಾ ಮಾಡುತ್ತಿದ್ದರು. ಐವತ್ತರ ಆಚೀಚೆಯ ವಯಸ್ಸು. ಚರ್ಚಿನ ಯಾವ ಕೆಲಸವಿದ್ದರೂ ಅವರೇ ಮುಂದು. ಜಪಸರ ಹೇಳಿಸುವವರೂ ಅವರೇ, ಹಬ್ಬಕ್ಕೆ ಪಾತ್ರೆ ತೊಳೆಯುವವರೂ ಅವರೇ. 'ನೀವೂ ಒಮ್ಮೆ ಕೂತು ತೋರಿಸಿಕೊಳ್ಳಿ' ಎಂದು ನಾವು ಹೇಳಿದೆವು. 'ನನಗೇನಾಗಿದೆ ಫಾದರ್? ನಮ್ಮ ಮನೆಯವರದ್ದು ನೋಡಿ, ಅದು ಸಾಕು' ಎಂದು ನಕ್ಕರು. ನಾವೂ ನಕ್ಕೆವು. ಅವರು ಕೊಟ್ಟ ಚಹಾ ಕುಡಿದೆವು. ಮತ್ತೊಮ್ಮೆ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಬಲಗೈ ಏಳಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ರಾತ್ರಿ ಮಲಗಿದ್ದು ಸರಿಯಾಗಿಲ್ಲ, ವಾಯು ಹಿಡಿದಿರಬೇಕು ಎಂದು ಮನೆಯವರು ಎಣ್ಣೆ ತಿಕ್ಕಿದರು. ಬಿಸಿನೀರಿನ ಶಾಖ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಯಾರೋ ನೆರೆಯವರು ನೋಡಿ ವಾಹನ ತರಿಸಿದರು. ಜೀವ ಉಳಿಯಿತು. ಕೈ ಬರಲಿಲ್ಲ. ಅವರ ಬಿಪಿ ಎಷ್ಟು ವರ್ಷಗಳಿಂದ ಹೆಚ್ಚಿತ್ತೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ನಾವು ಪರಮಪ್ರಸಾದ ತೆಗೆದುಕೊಂಡು ಅವರ ಮನೆಗೆ ಹೋದಾಗ ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಕೈ ಜೋಡಿಸಿದರು. 'ಆವತ್ತು ಕೂತುಕೊಳ್ಳಬೇಕಿತ್ತು ಫಾದರ್' ಎಂದಷ್ಟೇ ನಿಧಾನವಾಗಿ ಹೇಳಿದರು. ಆ ಮಾತು ಅವರಿಗೆ ಎಷ್ಟು ಅನ್ವಯಿಸುತ್ತದೋ ನಮಗೂ ಅಷ್ಟೇ ಅನ್ವಯಿಸುತ್ತದೆ. ಹಾಲಿನಲ್ಲಿ ಕುರ್ಚಿ ಖಾಲಿ ಇತ್ತು. ಆ ತಾಯಿಯ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡು ಅವರನ್ನು ಅಲ್ಲಿ ಕೂರಿಸುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಪ್ರಿಯರೇ, ರಕ್ತದೊತ್ತಡ ಎಂಬುದು ಸದ್ದಿಲ್ಲದೆ ಬರುವ ಕಳ್ಳ. 'ನನಗೆ ತಲೆನೋವಿಲ್ಲ, ತಲೆ ತಿರುಗುವುದಿಲ್ಲ, ಹಾಗಾದರೆ ಬಿಪಿ ಇಲ್ಲ' ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಜಗತ್ತಿನಲ್ಲಿ ಅಧಿಕ ರಕ್ತದೊತ್ತಡ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ. ತೋಟಕ್ಕೆ ನೀರು ಬಿಡುವ ಪಂಪಿನ ಪೈಪನ್ನು ನೆನಪಿಸಿಕೊಳ್ಳಿ. ಒತ್ತಡ ಹೆಚ್ಚಾದರೆ ಪೈಪು ಮೊದಲ ದಿನವೇ ಒಡೆಯುವುದಿಲ್ಲ. ವರ್ಷಗಟ್ಟಲೆ ತಡೆದುಕೊಂಡು, ಒಂದು ದಿನ ಎಲ್ಲಿ ಸವೆದಿದೆಯೋ ಅಲ್ಲಿ ಕೈಕೊಡುತ್ತದೆ. ನಮ್ಮ ರಕ್ತನಾಳಗಳೂ ಹಾಗೆಯೇ. ಮೆದುಳಿನಲ್ಲಿ ಕೈಕೊಟ್ಟರೆ ಪಾರ್ಶ್ವವಾಯು, ಹೃದಯದಲ್ಲಾದರೆ ಹೃದಯಾಘಾತ. ಮೂತ್ರಪಿಂಡ ಮತ್ತು ಕಣ್ಣುಗಳೂ ಇದರಿಂದಲೇ ಹಾಳಾಗುತ್ತವೆ. 120/80ರ ಒಳಗಿದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ಹೋಗಲೇಬೇಕು.

ಈ ಒತ್ತಡ ಏರಲು ಕಾರಣಗಳು ಹಲವಿವೆ. ವಯಸ್ಸು, ಮನೆತನ, ಹೆಚ್ಚಿದ ತೂಕ, ಕುಡಿತ, ನಡೆದಾಡದ ಜೀವನ. ಕುಡಿತದ ವಿಷಯದಲ್ಲಿ ನಮಗೆ ದೂರದ ಉದಾಹರಣೆ ಬೇಡ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಹಾಲಕ್ಕಿ ಜನರ ಹಾಡುಗಳನ್ನು ಉಳಿಸಿದ ಆ ತಾಯಿ ತಮ್ಮ ಊರಿನ ಮನೆಗಳನ್ನು ಹೆಂಡದಿಂದ ಬಿಡಿಸಲು ಹೋರಾಡಿದವರೂ ಹೌದು. ಶಾಲೆಗೆ ಹೋಗದ ಒಬ್ಬ ತಾಯಿಗೆ ತಿಳಿದದ್ದು ಓದಿದ ನಮಗೆ ತಿಳಿಯದಿದ್ದರೆ ಹೇಗೆ?

ಆದರೆ ಇಂದು ನಾವು ಮುಖ್ಯವಾಗಿ ಉಪ್ಪಿನ ಬಗ್ಗೆ ಹೇಳಬೇಕೆಂದಿದ್ದೇವೆ. ಏಕೆಂದರೆ ಕುಡಿತ ಕೆಲವರ ಮನೆಯ ಸಮಸ್ಯೆ, ಉಪ್ಪು ಎಲ್ಲರ ಮನೆಯದ್ದು.

ಉಪ್ಪು ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಕೆಲವೇ ದಿನಗಳಲ್ಲಿ, 1930ರ ಏಪ್ರಿಲ್ 13ರಂದು, ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಸಾವಿರಾರು ಜನ ಸೇರಿದ್ದರು. ಬಡವನ ಗಂಜಿಗೆ ಬೇಕಾದ ಚಿಟಿಕೆ ಉಪ್ಪಿನ ಮೇಲೂ ಪರಕೀಯರು ತೆರಿಗೆ ಹಾಕಿದ್ದರು. ಆ ತೆರಿಗೆಯ ವಿರುದ್ಧ ನಮ್ಮ ಹಿರಿಯರು ಪೆಟ್ಟು ತಿಂದರು, ಜೈಲು ಸೇರಿದರು. ಉಪ್ಪಿಗೆ ಅಷ್ಟು ಬೆಲೆಯಿದೆ. ಯೇಸುಸ್ವಾಮಿಯೂ ತಮ್ಮ ಶಿಷ್ಯರನ್ನು ಭೂಮಿಯ ಉಪ್ಪಿಗೆ ಹೋಲಿಸಿದರು. ಹಿಂದಿನ ಕಾಲದ ಜ್ಞಾನಸ್ನಾನದ ವಿಧಿಯಲ್ಲಿ ಗುರುಗಳು ಮಗುವಿನ ನಾಲಗೆಯ ಮೇಲೆ ಉಪ್ಪು ಇಡುತ್ತಿದ್ದುದು ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ಎಷ್ಟು ಉಪ್ಪು? ಒಂದೆರಡು ಹರಳು. ಉಪ್ಪಿನ ಗುಣವೇ ಅದು. ಸ್ವಲ್ಪವಿದ್ದರೆ ರುಚಿ, ಹೆಚ್ಚಾದರೆ ಊಟ ಕೆಡುತ್ತದೆ, ಇನ್ನೂ ಹೆಚ್ಚಾದರೆ ದೇಹ ಕೆಡುತ್ತದೆ.

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂದು ನಾವು ತಪ್ಪು ಮಾಡಿದವರಿಗೆ ಹೇಳುತ್ತೇವೆ. ದೇಹದೊಳಗೆ ನಡೆಯುವುದೂ ಅದೇ. ಉಪ್ಪು ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ರಕ್ತನಾಳಗಳಲ್ಲಿ ನೀರು ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಮಚ, ಅದೂ ದಿನದ ಎಲ್ಲ ಊಟ ತಿಂಡಿ ಸೇರಿ. ನಮ್ಮ ದೇಶದಲ್ಲಿ ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತೇವೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ತಿಳಿಸಿತು.

ಇನ್ನು ನಮ್ಮ ಕಾರವಾರ ಅಂಕೋಲೆಯ ಮಳೆಗಾಲದ ಊಟವನ್ನು ನೆನೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಹೊರಗೆ ಮಳೆ, ಮಾರ್ಕೆಟ್‌ನಲ್ಲಿ ಮೀನು ತುಟ್ಟಿ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ, ಶೆಟ್ಲಿ ಆಗ ಹೊರಬರುತ್ತವೆ. ಬಿಸಿ ಗಂಜಿ, ಅದಕ್ಕೊಂದಿಷ್ಟು ಉಪ್ಪು. ಪಕ್ಕದಲ್ಲಿ ಸುಟ್ಟ ಒಣಮೀನು, ಅದರಲ್ಲೂ ಉಪ್ಪು. ಮಾವಿನಮಿಡಿ ಉಪ್ಪಿನಕಾಯಿ, ಹೆಸರಿನಲ್ಲೇ ಉಪ್ಪು. ಮೇಲೊಂದು ಹಪ್ಪಳ. ಬಾಯಿಗೆ ಬಲು ರುಚಿ, ಅದನ್ನು ಅಲ್ಲಗಳೆಯಲಾರೆವು. ಆದರೆ ಒಂದೇ ಬಟ್ಟಲಿನ ಗಂಜಿಗೆ ನಾಲ್ಕು ದಾರಿಗಳಿಂದ ಉಪ್ಪು ಬಂದಿತು. ಸಂಜೆಗೆ ಬೇಕರಿಯ ಖಾರಿ, ಮಕ್ಕಳಿಗೆ ಚಿಪ್ಸ್ ಪ್ಯಾಕೆಟ್, ಎರಡು ನಿಮಿಷದ ನೂಡಲ್ಸ್. ಇವುಗಳಲ್ಲಿರುವ ಉಪ್ಪು ಕಣ್ಣಿಗೇ ಕಾಣುವುದಿಲ್ಲ.

ಅಂದು ಪರಕೀಯರು ಉಪ್ಪಿನ ಮೇಲೆ ತೆರಿಗೆ ಹಾಕಿದರು. ಇಂದು ನಾವೇ ಉಪ್ಪಿನ ಮೂಲಕ ನಮ್ಮ ಹೃದಯಕ್ಕೆ ತೆರಿಗೆ ಹಾಕುತ್ತಿದ್ದೇವೆ. ಈ ದಾಸ್ಯದಿಂದ ಬಿಡುಗಡೆಯಾಗಲು ಜೈಲಿಗೆ ಹೋಗಬೇಕಾಗಿಲ್ಲ, ಅಡುಗೆಮನೆಗೆ ಹೋದರೆ ಸಾಕು.

ಇದು ಆಗದ ಮಾತಲ್ಲ. ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಎಂಬ ಪ್ರಾಂತ್ಯದಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರ ಸಂಖ್ಯೆ ಒಂದು ಕಾಲದಲ್ಲಿ ಬಹಳ ಹೆಚ್ಚಿತ್ತು. 1972ರಲ್ಲಿ ಅಲ್ಲಿ ಒಂದು ದೊಡ್ಡ ಆರೋಗ್ಯ ಯೋಜನೆ ಆರಂಭವಾಯಿತು. ಉಪ್ಪು ಮತ್ತು ಕೊಬ್ಬು ಕಡಿಮೆ ಮಾಡುವುದು, ತಂಬಾಕು ಬಿಡುವುದು, ಬಿಪಿ ನೋಡಿಸಿಕೊಳ್ಳುವುದು, ಇಷ್ಟೇ. ಕೆಲವು ದಶಕಗಳಲ್ಲಿ ಆ ಸಾವುಗಳು ಬಹಳವಾಗಿ ಇಳಿದವು. ಈ ಕೆಲಸವನ್ನು ಮನೆಮನೆಯ ಅಡುಗೆಯೊಳಗೆ ತಲುಪಿಸಲು ನೆರವಾದವರಲ್ಲಿ ಅಲ್ಲಿನ ಗೃಹಿಣಿಯರ ಒಂದು ಹಳೆಯ ಸಂಘವೂ ಸೇರಿತ್ತು. ಆ ಸಂಘದ ಹೆಸರು ಮಾರ್ತಾ. ಬೆಥಾನಿಯಾದಲ್ಲಿ ಪ್ರಭುವಿಗೆ ಅಡುಗೆ ಮಾಡಲು ಓಡಾಡಿದ ಮಾರ್ತಳ ಹೆಸರು. ನಮ್ಮ ಸ್ತ್ರೀ ಸಂಘಟನೆಗಳಿಗೂ ಇಲ್ಲಿ ಒಂದು ಕರೆ ಇದೆ ಎಂದು ನಾವು ನಂಬುತ್ತೇವೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಒಂದು ಸುಲಭವಾದ ಲೆಕ್ಕ ಹೇಳುತ್ತೇವೆ. ನಾಲ್ಕು ಜನರ ಮನೆಗೆ ದಿನಕ್ಕೆ ಒಟ್ಟು 20 ಗ್ರಾಂ ಉಪ್ಪು ಎಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಬೇಕರಿ ತಿಂಡಿ, ಒಣಮೀನುಗಳ ಉಪ್ಪು ಬೇರೆ ಇರುವುದರಿಂದ ಅದಕ್ಕಿಂತಲೂ ಹೆಚ್ಚು ದಿನ ಬರಬೇಕು. ಇಂದು ಮನೆಗೆ ಹೋಗಿ ಉಪ್ಪಿನ ಪ್ಯಾಕೆಟ್ ಒಡೆದಾಗ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಎಷ್ಟು ದಿನಕ್ಕೆ ಮುಗಿಯಿತು ಎಂದು ನೋಡಿ. ಅದೇ ನಿಮ್ಮ ಮನೆಯ ಆತ್ಮಶೋಧನೆ. ಒಣಮೀನನ್ನು ಬಿಡಲು ಆಗದಿದ್ದರೆ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೆ ತೊಳೆದು ಬಳಸಿ. ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಗಂಜಿಗೆ ಉಪ್ಪಿನಕಾಯಿ ಇದ್ದ ದಿನ ಒಣಮೀನು ಬೇಡ. ಒಣಮೀನು ಇದ್ದ ದಿನ ಉಪ್ಪಿನಕಾಯಿ ಬೇಡ. ಮುರುಗಲು, ಬೆಳ್ಳುಳ್ಳಿ, ಮೆಣಸು, ಶುಂಠಿ, ನಿಂಬೆರಸ ನಮ್ಮ ಅಡುಗೆಯಲ್ಲಿ ಹೇರಳವಾಗಿವೆ. ಇವು ಉಪ್ಪಿನ ಕೊರತೆಯನ್ನು ನಾಲಗೆಗೆ ತಿಳಿಯದಂತೆ ಮಾಡುತ್ತವೆ. ಒಮ್ಮೆಲೇ ಕಡಿಮೆ ಮಾಡಿದರೆ ಮನೆಯಲ್ಲಿ ಜಗಳವಾಗಬಹುದು. ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ತೆಗೆದಿಡಿ.

ಸೈಂಧವ ಉಪ್ಪು, ಹರಳುಪ್ಪು ಒಳ್ಳೆಯದು, ಎಷ್ಟು ಬೇಕಾದರೂ ತಿನ್ನಬಹುದು ಎಂದು ಕೆಲವರು ಹೇಳುತ್ತಾರೆ. ಒತ್ತಡ ಏರಿಸುವ ಅಂಶ ಅವುಗಳಲ್ಲೂ ಇದೆ. ಬಳಸುವ ಸ್ವಲ್ಪ ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಹಾಲಕ್ಕಿ ತಾಯಂದಿರು ಬುಟ್ಟಿಯಲ್ಲಿ ಹೊತ್ತು ತರುವ ಹರಿವೆ, ಬಸಳೆ, ತೊಂಡೆ, ಸೌತೆಗಳನ್ನು ಕೊಳ್ಳಿರಿ. ತಾಜಾ ಬಂಗಡೆ, ತಾರ್ಲೆ ಸಿಗುವ ಕಾಲದಲ್ಲಿ ಅವನ್ನೇ ತಿನ್ನಿರಿ. ಕಾರವಾರದಲ್ಲಿ ಟಾಗೋರ್ ಕಡಲತೀರವಿದೆ, ಹಳ್ಳಿಗಳಲ್ಲಿ ಗದ್ದೆಯ ಬದುವಿದೆ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ನಡೆಯುತ್ತಲೇ ಜಪಸರ ಹೇಳಿಕೊಂಡರೆ ಎರಡೂ ಆಯಿತು.

ಈಗ ಬಹಳ ಮುಖ್ಯವಾದ ಒಂದು ಮಾತು. ನಮ್ಮ ವಿಶ್ವಾಸಿಗಳಲ್ಲಿ ಕೆಲವರು ಬಿಪಿ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುತ್ತಾರೆ. 'ಈಗ ಸರಿಯಾಗಿದೆ ಫಾದರ್, ಸುಮ್ಮನೆ ಗುಳಿಗೆ ಯಾಕೆ? ಅಭ್ಯಾಸವಾಗಿಬಿಡುತ್ತದೆ' ಎನ್ನುತ್ತಾರೆ. ಗುಳಿಗೆ ತಿನ್ನುತ್ತಿರುವುದರಿಂದಲೇ ಅದು ಸರಿಯಾಗಿದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಇನ್ನು ಕೆಲವರು ನೊವೇನಾ ಮಾಡಿದ ಮೇಲೆ ಗುಳಿಗೆ ತಿಂದರೆ ವಿಶ್ವಾಸ ಕಡಿಮೆ ಎಂದಾಗುತ್ತದೆ ಎಂದು ಭಾವಿಸುತ್ತಾರೆ. ಹೀಗೆ ಯೋಚಿಸುವುದು ವಿಶ್ವಾಸವಲ್ಲ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದಾರೆ, ಔಷಧಿಗಳನ್ನು ಭೂಮಿಯಿಂದ ಕೊಟ್ಟವರೂ ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಬೋಧಿಸುತ್ತದೆ. ಅದೇ ಅಧ್ಯಾಯ, ರೋಗ ಬಂದಾಗ ಪ್ರಾರ್ಥಿಸು ಎಂದೂ ಹೇಳುತ್ತದೆ. ಎರಡೂ ಒಂದೇ ಪುಟದಲ್ಲಿವೆ. ಪ್ರವಾದಿ ಎಲೀಯ ಬೇಸತ್ತು ಮರದ ಕೆಳಗೆ ಸಾಯಬೇಕೆಂದು ಮಲಗಿದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಮೊದಲು ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಆಮೇಲೆ ಬೆಟ್ಟದ ದಾರಿ. ದೇವರು ದೇಹವನ್ನು ಮರೆತು ನಮ್ಮನ್ನು ಕರೆಯುವವರಲ್ಲ.

ಹಾಗೆಂದು ದೇಹವನ್ನೇ ದೇವರನ್ನಾಗಿ ಮಾಡಿಕೊಳ್ಳುವುದೂ ಸಲ್ಲದು. ಕನ್ನಡಿಯ ಮುಂದೆಯೇ ದಿನ ಕಳೆಯುವುದು, ದೇಹದ ಅಂದಕ್ಕಾಗಿ ಎಲ್ಲವನ್ನೂ ಬಲಿ ಕೊಡುವುದು ಧರ್ಮಸಭೆಯ ಬೋಧನೆಯಲ್ಲ. ಸಂತ ಪೌಲರು ದೇಹವನ್ನು ಪವಿತ್ರಾತ್ಮರ ದೇಗುಲವೆಂದು ಕರೆದರು. ದೇಗುಲವನ್ನು ಯಾರೂ ಪೂಜಿಸುವುದಿಲ್ಲ. ಆದರೆ ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡದೆ ಬಿಡುವುದೂ ಇಲ್ಲ. ಸೋರುವ ತನಕ ಕಾಯುವುದೂ ಇಲ್ಲ.

ಸೋರಿದ ಮೇಲೆ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಮೆದುಳಿನ ರಕ್ತನಾಳದಲ್ಲಿ ಗಡ್ಡೆಕಟ್ಟಿ ಪಾರ್ಶ್ವವಾಯುವಾದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ಕಾರವಾರದಲ್ಲಿ ಈಗ ವೈದ್ಯಕೀಯ ಕಾಲೇಜು ಇದ್ದರೂ ವಿಶೇಷ ಚಿಕಿತ್ಸೆಗಾಗಿ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯುವವರು ಇನ್ನೂ ಇದ್ದಾರೆ. ಆ ದಾರಿಯಾದರೂ ಯಾವಾಗಲೂ ತೆರೆದಿರುತ್ತದೆಯೇ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹಲವು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಸುಮಾರು ಮೂರು ವಾರಗಳ ನಂತರ, ಆಗಸ್ಟ್ 7ರಂದು, ಗೋವಾ ಕಡೆಗೆ ಹೋಗುವ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದೊಡ್ಡ ಆಸ್ಪತ್ರೆ ಬೇಕೆಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಆದರೆ ಅಷ್ಟು ದೂರದ ದಾರಿಯಿರುವ ನಮಗೆ ಮನೆಯಲ್ಲಿಯೇ ರೋಗ ತಡೆಯುವುದು ಬೇರೆಯವರಿಗಿಂತ ಹೆಚ್ಚು ಅಗತ್ಯ.

ಆದ್ದರಿಂದ ಮನೆಯ ಮಕ್ಕಳೂ ಇದನ್ನು ನೆನಪಿಡಬೇಕು. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕಬೇಡಿ. ಬಾಯಿಗೆ ನೀರು, ಗುಳಿಗೆ ಏನನ್ನೂ ಹಾಕಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದು ದಿನವೂ ನೋವಿನ ಗುಳಿಗೆ ನುಂಗುವ ಹಿರಿಯರಿಗೂ ಒಂದು ಮಾತು: ಆ ಗುಳಿಗೆಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮತ್ತು ಸಕ್ಕರೆಯ ತಪಾಸಣೆ ಉಚಿತ. ಜನೌಷಧಿ ಅಂಗಡಿಗಳಲ್ಲಿ ಗುಳಿಗೆ ಅಗ್ಗ. ಹಣವಿಲ್ಲ ಎಂಬ ಕಾರಣಕ್ಕೆ ಯಾರೂ ಸುಮ್ಮನಿರಬೇಕಾಗಿಲ್ಲ.

ಕೊನೆಯದಾಗಿ, ಇಂದು ತಾಯಿಯ ಹಬ್ಬವಾದ್ದರಿಂದ ತಾಯಂದಿರಿಗೆ ಒಂದು ವಿನಂತಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವವರು ನೀವು. ಮಿಕ್ಕಿದ ಸಾರು ಹಾಳಾಗಬಾರದೆಂದು ಮರುದಿನ ಬಿಸಿಮಾಡಿ ಉಣ್ಣುವವರು ನೀವು. ಗಂಡನ ಗುಳಿಗೆ, ಅತ್ತೆಯ ಗುಳಿಗೆ, ಮಗುವಿನ ಔಷಧಿ ಎಲ್ಲವೂ ನಿಮಗೆ ಗೊತ್ತು. ನಿಮ್ಮ ಬಿಪಿ ಎಷ್ಟೆಂದು ಕೇಳಿದರೆ ಮಾತ್ರ ಗೊತ್ತಿಲ್ಲ. ಇದನ್ನು ತ್ಯಾಗವೆಂದು ನಾವೆಲ್ಲ ಹೊಗಳಿ ಹೊಗಳಿ ನಿಮ್ಮನ್ನು ಅಡುಗೆಮನೆಯಲ್ಲೇ ನಿಲ್ಲಿಸಿದ್ದೇವೆ. ಅದಕ್ಕಾಗಿ ನಾವು ಕ್ಷಮೆ ಕೇಳಬೇಕು. ಮರಿಯಮ್ಮನವರು ಸೇವೆ ಮಾಡಿದರು ಎಂಬುದು ನಿಜ. ಆದರೆ ದೇವರು ಆ ಸೇವೆಯನ್ನು ಮಾತ್ರ ಸ್ವೀಕರಿಸಲಿಲ್ಲ. ಸೇವೆ ಮಾಡಿದ ಆ ದೇಹವನ್ನೇ ಸ್ವೀಕರಿಸಿದರು. ನಿಮ್ಮ ದೇಹವೂ ಅವರಿಗೆ ಅಷ್ಟೇ ಪ್ರಿಯ.

ಮನೆಯ ಗಂಡಸರೇ, ಯುವಕರೇ, ನಿಮಗೂ ಒಂದು ಕೆಲಸವಿದೆ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಹಾಲಿನಲ್ಲಿ ಬಿಪಿ ತಪಾಸಣೆ ಇದೆ. ಅಂದು ಚಹಾ ಮಾಡುವ ಸರದಿ ನಿಮ್ಮದು. ಸಾಲಿನಲ್ಲಿ ಮೊದಲು ತಾಯಂದಿರು, ಅಜ್ಜಿಯರು, ಅಕ್ಕಂದಿರು ಕುಳಿತುಕೊಳ್ಳಲಿ. 'ನನಗೇನಾಗಿದೆ' ಎಂದು ಯಾರಾದರೂ ನಕ್ಕರೆ ನಾವು ಈ ಸಲ ಸುಮ್ಮನೆ ನಗುವುದಿಲ್ಲ. ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸುತ್ತೇವೆ.

ಸ್ವಲ್ಪ ಹೊತ್ತಿನಲ್ಲಿ ನಾವು ಪರಮಪ್ರಸಾದ ಸ್ವೀಕರಿಸುತ್ತೇವೆ. ಪ್ರಭು ನಮಗೆ ತಮ್ಮ ಶರೀರವನ್ನೇ ಕೊಡುತ್ತಾರೆ. ಆ ಶರೀರವನ್ನು ಮರಿಯಮ್ಮನವರು ಒಂಬತ್ತು ತಿಂಗಳು ತಮ್ಮ ಒಡಲಲ್ಲಿ ಹೊತ್ತು ಪೋಷಿಸಿದ್ದರು. ಪ್ರಭುವಿನ ಶರೀರವನ್ನು ಬರಮಾಡಿಕೊಳ್ಳುವ ಈ ನಮ್ಮ ದೇಹವನ್ನು ಕೃತಜ್ಞತೆಯಿಂದ ಕಾಪಾಡಿಕೊಳ್ಳುವ ಬುದ್ಧಿಯನ್ನು, ನಮ್ಮ ಮನೆಯಲ್ಲಿ ದುಡಿಯುವ ದೇಹಗಳನ್ನು ಗಮನಿಸುವ ಕಣ್ಣನ್ನು, ಹಾಸಿಗೆ ಹಿಡಿದಿರುವ ನಮ್ಮ ಬಂಧುಗಳಿಗೆ ಸಮಾಧಾನವನ್ನು ಕೊಡುವಂತೆ ಸ್ವರ್ಗಸ್ವೀಕೃತ ಮಾತೆಯ ಮಧ್ಯಸ್ಥಿಕೆಯ ಮೂಲಕ ಬೇಡಿಕೊಳ್ಳೋಣ.

ನಿಮಗೆಲ್ಲರಿಗೂ ತಾಯಿಯ ಹಬ್ಬದ ಮತ್ತು ಸ್ವಾತಂತ್ರ್ಯ ದಿನದ ಶುಭಾಶಯಗಳು. ಆಮೆನ್.